ಕೊಳೆ ಹಚ್ಚಲು ಕಲಿತ ಗೊಡೆಲೀವ್

ಗೆಂಟ್ ಊರಿನ ಮೊದಲ ಟ್ರಾಮು ಇನ್ನೂ ಡಿಪೊ ಬಿಟ್ಟಿಲ್ಲ. ಒಳಗೆ ಗೊಡೆಲೀವ್ ಸ್ಟೇಯಾರ್ಟ್ ಸೀಟುಗಳ ಸಂದಿಯಿಂದ ಆಲೂಗಡ್ಡೆ ಫ್ರೈ ಪೊಟ್ಟಣ, ಬಿಯರ್ ಡಬ್ಬಿ ಎಳೆದೆಳೆದು ಚೀಲಕ್ಕೆ ತುಂಬುತ್ತಿದ್ದಾರೆ. ಕೈ ಇಲ್ಲಿದೆ, ಜೀವ ಮಾತ್ರ ಕ್ಯಾಂಟೀನಿನಲ್ಲಿದೆ. ಎರಡು ಸೀಟು ಒರೆಸುತ್ತಾರೆ, ಆ ಕಡೆ ಕತ್ತು ಹೊರಳಿಸುತ್ತಾರೆ. ಒರೆಸಿದ ಕಿಟಕಿಯನ್ನೇ ಮತ್ತೆ ಒರೆಸುತ್ತಾರೆ. "ಬಣ್ಣ ಒಣಗ್ತೋ ಇಲ್ವೋ ನೋಡ್ಕೊಂಡು ಬಂದ್ಬಿಡ್ತೀನಿ, ಇದನ್ನ ಹಿಡ್ಕೊಂಡಿರಿ" ಎಂದು ಹೊರಟೇಬಿಡುತ್ತಾರೆ. ಸಂದರ್ಶನಕ್ಕೆಂದು ಬಂದ ನಾನು ಕಸದ ಚೀಲ ಹಿಡಿದು ನಿಂತಿದ್ದೇನೆ.

ಕ್ಯಾಂಟೀನಿನ ಮೇಜಿನ ಮೇಲೆ ಹಳೆ ಪೇಪರು ಹಾಸಿ ನಿಲ್ಲಿಸಿರುವುದು ಮೊಳದಷ್ಟು ಎತ್ತರದ ಒಂದು ಪ್ರತಿಮೆ. ನೀಲಿ ಮೇಲಂಗಿ ಹೊದ್ದು, ಲಾಂದ್ರ ಎತ್ತಿ ಹಿಡಿದ ಕಡಲ ಕಾವಲುಗಾರ್ತಿ. ಈಕೆ ಹಳೆಯ ಕಾಮಿಕ್ಸ್ ಪುಸ್ತಕವೊಂದರ ನಾಯಕಿಯಂತೆ. ಸಂಗ್ರಹಿಸುವವರಿಗೆಂದೇ ಕೆಲವೇ ಕೆಲವು ಮಾಡಿದ್ದರಂತೆ. ಇದು ಆಂಗೆಲೀನ್‌ಳದು. ಆಂಗೆಲೀನ್ ಮತ್ತು ಗೊಡೆಲೀವ್ ಈ ಡಿಪೊದ ಜೋಡೆತ್ತುಗಳು. ಒಬ್ಬಳು ಸೋಪು ನೀರು ಹಚ್ಚಿದರೆ ಇನ್ನೊಬ್ಬಳು ಒರೆಸಬೇಕು, ಮಧ್ಯೆ ಇಡೀ ಡಿಪೊದ ಗಾಸಿಪ್ ಮುಗಿಯಬೇಕು. ಆಂಗೆಲೀನ್‌ಳ ಮಗ ಹೂಳೆತ್ತುವ ಹಡಗಿನಲ್ಲಿ ದುಡಿದ ಮೊದಲ ಸಂಬಳದಲ್ಲಿ ಕೊಂಡುಕೊಟ್ಟ ಪ್ರತಿಮೆ ಇದು. ಮನೆಯಲ್ಲಿ ಬೆಕ್ಕುಗಳು ಉರುಳಿಸುತ್ತವೆಂದು ಕ್ಯಾಂಟೀನಿನ ಕಿಟಕಿಯಲ್ಲಿ ಇಟ್ಟಿದ್ದಳು.

ಈ ಚಳಿಗಾಲದಲ್ಲಿ ಅವಳಿಗೆ ಲಕ್ವ ಹೊಡೆಯಿತು. ಈಗ ಓಡಾಡುತ್ತಾಳೆ, ಬಲಗೈ ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ಇನ್ನು ಕೆಲಸಕ್ಕೆ ಬರುವ ಹಾಗಿಲ್ಲ. ಇವತ್ತು ಕಾಫಿ ಹೊತ್ತಿಗೆ ಬಂದು ಎಲ್ಲರಿಗೂ ವಿದಾಯ ಹೇಳಿ, ಪ್ರತಿಮೆ ಮನೆಗೊಯ್ಯುತ್ತಾಳೆ.

ಅವಳು ಬರುವಷ್ಟರಲ್ಲಿ ಪ್ರತಿಮೆಯನ್ನು ಫಳಫಳ ಮಾಡಿಡೋಣ ಎಂದು ಕೆಲವು ದಿನಗಳ ಹಿಂದೆ ಹೊರಟದ್ದೇ ಗೊಡೆಲೀವ್ ಮಾಡಿದ ಎಡವಟ್ಟು. "ಮೇಲಂಗಿ ಮಡಿಕೇಲಿ ಕಪ್ಪು ಕೂತಿತ್ತು, ಲಾಂದ್ರದ ಅಂಚಿಗೆ ಕಂದು. ನನ್ ಕಣ್ಣಿಗೆ ಕೊಳೆ ಬಿಟ್ರೆ ಇನ್ನೇನು ಕಾಣುತ್ತೆ ಹೇಳಿ? ತಿಕ್ಕಿದೆ. ಬಟ್ಟೆಗೆ ನೀಲಿ ಬಂತು. ಆಮೇಲೆ ಮೂತಿನೇ ಬಂದ್ಬಿಡ್ತು." ತಿಕ್ಕಿದ್ದು ಯಾವುದರಿಂದ? ಟ್ರಾಮಿನ ಮೇಲೆ ಪೋಲಿಗಳು ಗೀಚಿದ್ದನ್ನು ಅಳಿಸುವ ದ್ರಾವಣದಿಂದ! ಆ ಕಪ್ಪು ಕಲಾವಿದ ಹಾಕಿದ್ದ ನೆರಳು, ಆ ಕಂದು ಅವನು ಬರೆದಿದ್ದ ತುಕ್ಕು. ನನಗೆ ನಗು ತಡೆಯಲಾಗಲಿಲ್ಲ. "ನಗ್ಬೇಡಿ. ಅವತ್ತು ಟಾಯ್ಲೆಟ್ಟಲ್ಲಿ ಕೂತು ಅತ್ತಿದ್ದೀನಿ ನಾನು" ಎಂದರು. ನಗು ಅಲ್ಲೇ ಇಂಗಿತು.

ಟ್ರಾಮ್ ಚಾಲಕ ಬಾವೊ ಮನೆಯಲ್ಲಿ ಬೆರಳುದ್ದದ ಸೈನಿಕರ ಗೊಂಬೆಗಳಿಗೆ ಬಣ್ಣ ಹಚ್ಚುವ ಹವ್ಯಾಸದವನು. ಕೊಡಿ, ನಾನೇ ಸರಿ ಮಾಡಿಕೊಡುತ್ತೇನೆ ಎಂದ. ಈಯಮ್ಮ ಸುತರಾಂ ಒಪ್ಪಲಿಲ್ಲ. ಕೆಡಿಸಿದ್ದು ತನ್ನ ಕೈ, ಗೆಳತಿಯ ಮುಂದೆ ಬೇರೆಯವರ ಕೈಚಳಕ ತೋರಿಸುವುದು ಹೇಗೆ ಎಂಬುದು ಅವರ ಹಟ. ಹಾಗಾಗಿ ಬಾವೊ ಗುರುವಾದ, ಕಾಲೆಳೆಯುವವನೂ ಆದ.

ಗೊಡೆಲೀವ್ ಹುಟ್ಟಿದಾರಭ್ಯ ಕುಂಚ ಹಿಡಿದವರಲ್ಲ. ಅಕ್ರಿಲಿಕ್ ಬಣ್ಣವನ್ನು ಟ್ಯೂಬಿನಿಂದ ಹಿಂಡಿ ಹಾಗೇ ಮೆತ್ತಿದರು. ಮರುದಿನ ಹೆಬ್ಬೆರಳು ತಾಗಿದ ಕಡೆಯೆಲ್ಲ ಕಾಸಿದ ಹಾಲಿನ ಕೆನೆಯಂತೆ ಎದ್ದು ಬಂತು. "ಗೊಡೆಲೀವಕ್ಕ, ಅದು ಮೇಲಂಗಿ, ಗೋಡೆಯಲ್ಲ" ಎಂದ ಬಾವೊ. ಮೊದಲು ಸೋಪಿನಲ್ಲಿ ತೊಳೆಯಬೇಕು, ಬಣ್ಣ ಕಚ್ಚಿಕೊಳ್ಳಲು ಬೂದು ಪ್ರೈಮರ್ ಹೊಡೆಯಬೇಕು, ಬಣ್ಣಕ್ಕೆ ನೀರು ಬೆರೆಸಿ ತೆಳುವಾಗಿ ಹಚ್ಚಬೇಕು, ಒಣಗಲು ಬಿಡಬೇಕು, ಮತ್ತೆ ತೆಳುವಾಗಿ ಹಚ್ಚಬೇಕು. ಒಣಗಲು ಬಿಡುವುದೇ ಇವರಿಂದಾಗದ ಕೆಲಸ. ಊದುತ್ತಾರೆ, ಪೇಪರಿನಿಂದ ಬೀಸುತ್ತಾರೆ, ಮುಟ್ಟಿ ನೋಡಿ ಬೆರಳಚ್ಚು ಒತ್ತುತ್ತಾರೆ. ಅವಸರದಲ್ಲಿ ಕುಂಚವನ್ನು ಕಾಫಿಗೆ ಅದ್ದಿ, ಅದೇ ಕಾಫಿ ಕುಡಿದದ್ದೂ ಉಂಟು.

ನೆರಳು ಹಾಕುವುದಂತೂ ಇನ್ನೂ ಫಜೀತಿ. ಶುಭ್ರ ನೀಲಿಯ ಮೇಲೆ ನೀರಾದ ಕಂದು ಬಣ್ಣ ಸುರಿದರೆ ಅದು ಮಡಿಕೆಗಳಲ್ಲಿ ಇಳಿದು ಕೂರಬೇಕು. ಗೊಡೆಲೀವ್ ಸುರಿಯುತ್ತಿದ್ದರು, ತಕ್ಷಣ ಒರೆಸಿಬಿಡುತ್ತಿದ್ದರು. ಕೊನೆಗೆ ಬಾವೊ ಅವರ ಕೈಯಿಂದ ಒರೆಸುವ ಬಟ್ಟೆ ಕಿತ್ತುಕೊಂಡು ಅದರ ಮೇಲೇ ಕೂತನಂತೆ. "ಜೀವಮಾನವಿಡೀ ಕೊಳೆ ತೆಗ್ದೋಳು, ಈಗ ಅಂಗಡಿಯಿಂದ ಕೊಳೆ ತಂದು ಹಚ್ತಿದ್ದೀನಿ" ಎನ್ನುತ್ತಾರೆ.

ಕಾಫಿ ಹೊತ್ತಿಗೆ ಸರಿಯಾಗಿ ಆಂಗೆಲೀನ್ ಊರುಗೋಲು ಹಿಡಿದು ಬರುತ್ತಾಳೆ. ಪ್ರತಿಮೆ ಕಂಡಿದ್ದೇ ಬಾಗಿಲಲ್ಲೇ ನಿಲ್ಲುತ್ತಾಳೆ. ಗೊಡೆಲೀವ್ ಬೆಳಗಿನಿಂದ ಬಾಯಿಪಾಠ ಮಾಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ. "ನಾನೇ ಕಣೇ ಹಾಳು ಮಾಡಿದ್ದು. ಮತ್ತೆ ಬಳಿದಿದ್ದೂ ನಾನೇ" ಎಂದಷ್ಟೇ ಹೇಳುತ್ತಾರೆ. ಆಂಗೆಲೀನ್ ಹತ್ತಿರ ಬಂದು, ಎಡಗೈಯಲ್ಲಿ ಪ್ರತಿಮೆಯನ್ನು ಬೆಳಕಿಗೆ ತಿರುಗಿಸುತ್ತಾಳೆ. ನೀಲಿ ಮೊದಲಿಗಿಂತ ಗಾಢವಾಗಿದೆ. ಹೆಗಲಿಗೆ ಕುಂಚದ ಕೂದಲೊಂದು ಅಂಟಿದೆ. ಮುಖಕ್ಕೆ ಒಂದೇ ಕಣ್ಣು. ಇನ್ನೊಂದನ್ನು ಬರೆಯುವ ಧೈರ್ಯ ಗೊಡೆಲೀವ್‌ಗೆ ಬಂದಿಲ್ಲ.

"ಮೂಗು ಥೇಟ್ ನಿಂದೇ" ಎನ್ನುತ್ತಾಳೆ ಆಂಗೆಲೀನ್, ಒಂದೊಂದೇ ಮಾತು ಎಳೆದು. ಆಮೇಲೆ ಎಡಗೈ ಚಾಚುತ್ತಾಳೆ. "ಕುಂಚ ಕೊಡೇ ಇಲ್ಲಿ."

ಗೊಡೆಲೀವ್ ಎರಡೂ ಕೈಯಲ್ಲಿ ಪ್ರತಿಮೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಆಂಗೆಲೀನ್‌ಳ ಎಡಗೈಗೆ ಕುಂಚ ಹಿಡಿದು ರೂಢಿಯಿಲ್ಲ, ಕಪ್ಪು ಚುಕ್ಕೆ ಕಣ್ಣಿನ ಜಾಗಕ್ಕಿಂತ ಕೆಳಗೆ ಬೀಳುತ್ತದೆ, ಕೆನ್ನೆಗೆ ಇಳಿಯುತ್ತದೆ. ಕೆಟ್ಟೋಯ್ತು, ಇದ್ದ ಹಾಗೇ ಮನೆಗೆ ಒಯ್ಯುತ್ತೇನೆ ಎಂದು ಅವಳು ಚೀಲ ಬಿಚ್ಚುತ್ತಾಳೆ.

ಗೊಡೆಲೀವ್ ಪ್ರತಿಮೆ ಕೊಡುವುದಿಲ್ಲ. ಅದನ್ನು ಕಿಟಕಿಯಲ್ಲಿ ಮೊದಲಿದ್ದ ಜಾಗದಲ್ಲೇ ಇಟ್ಟು, ಗೆಳತಿಗೊಂದು ಕುರ್ಚಿ ಎಳೆದು, ಪಕ್ಕದಲ್ಲಿ ತಾವೂ ಕೂರುತ್ತಾರೆ.

"ಹಸಿ ಇದೆಯಲ್ಲೇ, ಹೇಗೆ ಒಯ್ತೀಯಾ? ಒಣಗ್ಲಿ ಬಿಡು. ನಾಳೆ ಬಂದು ಇನ್ನೊಂದು ಪದರ ಹಾಕುವಿಯಂತೆ."