ಅಳಿಸಬೇಕೆಂದಿದ್ದ ನಾಲ್ಕನೆಯ ಡಿಸ್ಕ್

ನಾರಾಯಣಖೇಡದಲ್ಲಿ ಮದುವೆಗಳ ವಿಡಿಯೊ ತೆಗೆಯುತ್ತಿದ್ದ ನನ್ನ ಸೋದರಮಾವ ತೀರಿಕೊಂಡ ಮೇಲೆ ಅವರ ಕ್ಯಾಸೆಟ್ಟುಗಳೆಲ್ಲ ಜಹೀರಾಬಾದಿನ ನಮ್ಮ ಮನೆಗೆ ಬಂದವು. ಬಹಳಷ್ಟಕ್ಕೆ ಬೂಷ್ಟು ಹಿಡಿದಿತ್ತು. ಒಂದೊಂದನ್ನೂ ಒರೆಸಿ, ಓಡಿಸಿ, ಕಂಪ್ಯೂಟರಿಗೆ ಇಳಿಸಿಕೊಂಡು, ಆಮೇಲೆ ಆ ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕಿದೆ. ಎಲ್ಲವನ್ನೂ ಇಡಲು ಮನೆಯಲ್ಲೇ ಒಂದು ಸರ್ವರ್ ಕಟ್ಟುವುದೆಂದು ನಿರ್ಧರಿಸಿದೆ.

ಒಂದು ಹಾಳೆಯ ಮೇಲೆ ಲೆಕ್ಕ ಹಾಕಿದೆ. ಒಂದೇ ಅಳತೆಯ ನಾಲ್ಕು ಡಿಸ್ಕ್. ಯಾವುದಾದರೂ ಒಂದು ಕೆಟ್ಟರೆ ಉಳಿದ ಮೂರರಿಂದ ಅದನ್ನು ಮತ್ತೆ ತುಂಬಿಕೊಳ್ಳಬಹುದು. ಅದಕ್ಕಾಗಿ ಒಂದು ಡಿಸ್ಕಿನಷ್ಟು ಜಾಗ ಬಿಟ್ಟುಕೊಡಬೇಕು. ಆಗ ಉಳಿಯುವ ಜಾಗದಲ್ಲಿ ಎಲ್ಲವೂ ಹಿಡಿಯುವುದಿಲ್ಲ. ಮಾವ ಕತ್ತರಿಸಿ, ಹಾಡು ಕೂಡಿಸಿ ಮನೆಯವರಿಗೆ ಕೊಟ್ಟ ಪ್ರತಿಗಳನ್ನು ಉಳಿಸಿ, ಕ್ಯಾಮೆರಾದಿಂದ ನೇರವಾಗಿ ಬಂದದ್ದನ್ನು ಬಿಡುವುದೆಂದು ಬರೆದುಕೊಂಡೆ. ಅಚ್ಚಾದ ಪುಟ ಉಳಿಯಬೇಕು, ಟಿಪ್ಪಣಿ ಪುಸ್ತಕ ಹೋಗಬಹುದು: ಪತ್ರಿಕೆಯ ಕೆಲಸ ನನಗೆ ಕಲಿಸಿದ್ದು ಅಷ್ಟೇ. ಆ ಕಚ್ಚಾ ವಿಡಿಯೊಗಳು ಸದ್ಯಕ್ಕೆ ನಾಲ್ಕನೆಯ ಡಿಸ್ಕಿನಲ್ಲಿದ್ದವು. ಅದನ್ನು ಉಳಿದ ಮೂರರ ಜೊತೆ ಸೇರಿಸಿದರೆ ಒಳಗಿನದೆಲ್ಲ ಅಳಿಸಿಹೋಗುತ್ತದೆ. ಭಾನುವಾರ ಸೇರಿಸುವುದು ಎಂದು ಹಾಳೆಯಲ್ಲಿತ್ತು. ಮನೆಯಲ್ಲಿ ಇಬ್ಬರು ಒಟ್ಟಿಗೆ ನೋಡಿದರೆ ಚಿತ್ರ ತಡೆದು ತಡೆದು ಬರುತ್ತಿದ್ದುದರಿಂದ, ಸರ್ವರಿನ ಮೆಮೊರಿ (ರ‍್ಯಾಮ್) ಇಮ್ಮಡಿ ಮಾಡುವ ಪಟ್ಟಿಗಳನ್ನೂ ತಂದಿಟ್ಟಿದ್ದೆ.

ಶನಿವಾರ ಮಧ್ಯಾಹ್ನ ರಾಯಿಕೋಡ್ ಕಡೆಯ ಒಬ್ಬ ಹಿರಿಯರು ಬಂದರು. ಕುರಿ ಸಾಕುವವರು, ನಮ್ಮ ಮನೆಗೆ ಹಳೆಯ ಪರಿಚಯ. ಹಿಂದಿನ ವರ್ಷ ಅವರ ಹೆಂಡತಿ ತೀರಿಕೊಂಡಿದ್ದರು.

"ಪೇಪರ್ ಸಾಹೇಬ್ರ, ಈ ಡಬ್ಬ್ಯಾಗ ನನ್ನ ಲಗ್ನ ಅದ ಏನ್ರಿ?"

"ಅದ ಕಾಕಾ. ಕ್ಯಾಸೆಟ್ ನಿಮ್ಮ ಮನ್ಯಾಗೂ ಇರಬೇಕಲ್ಲ?"

"ಅದ. ಅಕಿ ಒಡಪ ಹೇಳೂ ಹೊತ್ತಿಗಿ ನಿಮ್ಮ ಮಾವ ಸಿನಿಮಾ ಹಾಡು ಹಾಕ್ಯಾನ. ಬಾಯಿ ಅಲ್ಲಾಡತದ, ಆವಾಜ್ ಇಲ್ಲ."

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲಿ ಹೆಂಗಸರು ಸುತ್ತುಗಟ್ಟಿ ಕಾಡಿದಾಗ ಮಾತ್ರ, ಒಡಪು ಎನ್ನುವ ಪ್ರಾಸದ ಪದ್ಯದ ಕೊನೆಯಲ್ಲಿ ಅದನ್ನು ಸೇರಿಸಿ ಹೇಳುತ್ತಾಳೆ.

"ಅದಾದ ಮ್ಯಾಲ ಕಡೀತನಕ ಹೆಸರು ತಗೊಂಡಿಲ್ರಿ," ಎಂದರು. "ಸಿಟ್ಟು ಬಂದಾಗ ಕುರುಬಾ ಅಂತಿದ್ಲು. ಸಿಟ್ಟಿಲ್ಲಂದ್ರ ಅದೂ ಇಲ್ಲ."

ನನ್ನ ಹೆಂಡತಿ ಚಹಾ ತಂದವಳು ನನ್ನ ಮುಖ ನೋಡಿ, "ಅಳಿಸೀರೇನು?" ಎಂದಳು.

ಇನ್ನೂ ಅಳಿಸಿರಲಿಲ್ಲ. ಆದರೆ ಕಚ್ಚಾ ವಿಡಿಯೊಗಳಿಗೆ ನಾನು ಹೆಸರು ಬರೆದಿರಲಿಲ್ಲ. ಹೋಗುವುದಕ್ಕೆ ಹೆಸರೇಕೆ ಎಂದು ಬಿಟ್ಟಿದ್ದೆ. ಒಂದೊಂದಾಗಿ ತೆರೆಯುತ್ತ ಹೋದೆ. ಎರಡು ತಾಸಿನ ಮೇಲೆ ಅವರ ಚಪ್ಪರ ಕಾಣಿಸಿತು.

ಹುಡುಗಿ ತಲೆ ಎತ್ತಿರಲಿಲ್ಲ. ಹೆಂಗಸೊಬ್ಬಳು, "ಜೋರ್ಲೆ ಹೇಳ, ಹಟ್ಟ್ಯಾಗಿನ ಕುರಿಗಿ ಕೇಳಬೇಕು!" ಎಂದಳು. ನಗು. "ತಡೀರಿ, ಮರ್ತೀನಿ" ಎಂದಿತು ಒಂದು ಸಣ್ಣ ದನಿ. ಆಮೇಲೆ ಕಂಬಳಿ, ಗೊಂಡೆ, ಬೆಳದಿಂಗಳು ಎಂದೇನೋ ಸರಸರನೆ ಹೇಳಿ, ಕೊನೆಗೆ ಹೆಸರು. ಸ್ಪಷ್ಟವಾಗಿ ಕೇಳಿಸಿತು.

ಹಿರಿಯರು ತಲೆಯ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

"ಮತ್ತೊಮ್ಮಿ ಹಚ್ಚಲಾ ಕಾಕಾ?"

"ಬ್ಯಾಡ್ರಿ, ಇವತ್ತಿಗಿ ಸಾಕು." ರುಮಾಲು ಮತ್ತೆ ಸುತ್ತಿಕೊಳ್ಳುತ್ತ ಕೇಳಿದರು, "ಇದು ಎಷ್ಟ ಕಡಿ ಅದ್ರಿ?"

"ಇದೊಂದೇ ಕಡಿ."

"ಮಂದಿನೆಲ್ಲಾ ಒಂದೇ ಕಡಿ ನಿಲ್ಲಸಂಗಿಲ್ರಿ ನಾವು. ರೋಗ ಬಂತಂದ್ರ? ಅರ್ಧ ಬೀಗರ ಊರಾಗ ಬಿಟ್ಟಿರತೀವಿ." ಮಂದಿ ಎಂದರೆ ಕುರಿಯ ಹಿಂಡು.

ಅವರಿಗೆ ಒಂದು ಪೆನ್ ಡ್ರೈವ್‌ನಲ್ಲಿ ಹಾಕಿಕೊಟ್ಟೆ. ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಸಂಜೆಯ ಬಸ್ಸಿಗೆ ಹೋದರು.

ಭಾನುವಾರ ಏನನ್ನೂ ಅಳಿಸಲಿಲ್ಲ; ನಾಲ್ಕನೆಯ ಡಿಸ್ಕನ್ನು ಸೇರಿಸದೆ ಬೇರೆಯಾಗಿಯೇ ಇಟ್ಟೆ. ಸೋಮವಾರ ಮೆಮೊರಿ ಪಟ್ಟಿಗಳನ್ನು ಅಂಗಡಿಗೆ ಹಿಂತಿರುಗಿಸಿ, ಬದಲಿಗೆ ಇನ್ನೊಂದು ಡಿಸ್ಕ್ ತಂದೆ. ಕಚ್ಚಾ ವಿಡಿಯೊಗಳ ಇನ್ನೊಂದು ಪ್ರತಿ ಅದರಲ್ಲಿ ಮಾಡಿ, ತಾಂಡೂರಿನ ತಂಗಿಯ ಮನೆಗೆ ಒಯ್ದು ಅಲಮಾರಿಯಲ್ಲಿ ಇಟ್ಟು ಬಂದೆ. ನಮ್ಮ ಮನೆಯಲ್ಲಿ ಈಗಲೂ ಇಬ್ಬರು ಒಟ್ಟಿಗೆ ನೋಡಿದರೆ ಚಿತ್ರ ತಡೆದು ತಡೆದು ಬರುತ್ತದೆ. ಕಚ್ಚಾ ವಿಡಿಯೊಗಳಿಗೆ ದಿನಕ್ಕೆ ನಾಲ್ಕೈದರಂತೆ ಹೆಸರು ಬರೆಯುತ್ತಿದ್ದೇನೆ.