ಪೂಜೆ ಮಾಡಿದವರ ಯಂತ್ರ

ಜಲಜಾ ಆಂಟಿಯ ಗೊಂಚಲಿನಲ್ಲಿ ಮನೆಯ ಬೀಗದ ಕೈಗಿಂತ ದೊಡ್ಡದೊಂದು ಕೈ ಇತ್ತು. ಅದರ ಕುತ್ತಿಗೆಗೆ ಹಸಿರು ನೂಲು ಸುತ್ತಿದ್ದರು. ಸಾರಿಗೆ ಒಗ್ಗರಣೆ ಹಾಕುವಾಗಲೂ ಗೊಂಚಲು ಸೊಂಟದಲ್ಲೇ ಇರುತ್ತಿತ್ತು. ಅವರು ಒಲೆಯ ಹತ್ತಿರ ಇದ್ದಾರೋ, ಬಟ್ಟೆ ಒಣಗಿಸುತ್ತಿದ್ದಾರೋ ಎಂಬುದು ಮಹಡಿಯ ಕೋಣೆಯಲ್ಲಿದ್ದ ನನಗೆ ಅದರ ಸದ್ದಿನಿಂದಲೇ ತಿಳಿಯುತ್ತಿತ್ತು.

ಆ ಕೈ ಕೋವಿ ಕ್ಲಬ್ಬಿನದು. ಆಂಟಿಯ ಮನೆಯಿದ್ದ ನಿಲಾಯ್ ಪಟ್ಟಣ ದಾಟಿ ಎಣ್ಣೆತಾಳೆಯ ಸಾಲುಗಳ ನಡುವಿನ ಕೆಮ್ಮಣ್ಣಿನ ದಾರಿಯಲ್ಲಿ ಹೋದರೆ ಒಂದು ತಗ್ಗು ಸಿಗುತ್ತದೆ. ಶನಿವಾರ ಅಲ್ಲಿ ಹಾರುವ ಮಣ್ಣಿನ ತಟ್ಟೆಗಳಿಗೆ ಗುಂಡು ಹೊಡೆಯುತ್ತಿದ್ದರು. ಒಮ್ಮೆ ಹಾರಿಸಿದ ಖಾಲಿ ತೋಟೆಗಳನ್ನು ಆಯ್ದು ತಂದು, ಮತ್ತೆ ಮದ್ದು ಮತ್ತು ಸೀಸದ ಚರೆ ತುಂಬಿ ಬಾಯಿ ಮಡಿಚುವ ಚಿಕ್ಕದೊಂದು ಕೋಣೆ ಅಲ್ಲಿತ್ತು. ಆ ಕೋಣೆಯ ಬೀಗದ ಕೈ ಇದ್ದದ್ದು ಒಂದೇ, ಅದು ಜಲಜಾ ಆಂಟಿಯ ಹತ್ತಿರ. ಕ್ಲಬ್ಬಿನ ಅಧ್ಯಕ್ಷರಾದ ಮೇಜರ್ ಹಮ್ಜಾ ಸೇನೆಯಿಂದ ನಿವೃತ್ತರಾದವರು, ಯಾರನ್ನೂ ಬೇಗ ನಂಬುವವರಲ್ಲ. ಅವರೇ ತಮ್ಮ ಕೈಯಿಂದ ಅದನ್ನು ಕೊಟ್ಟಿದ್ದರು.

ಆಂಟಿ ವಿರಾಜಪೇಟೆಯ ಕಡೆಯವರು. ಕೈಲ್‌ಪೊಳ್ದ್ ಎಂಬ ಆಯುಧಗಳ ಹಬ್ಬದ ದಿನ ಎತ್ತರದ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಯನ್ನು, ಗಂಡಸರೆಲ್ಲ ಸೋತ ಮೇಲೆ, ಲಂಗದ ಹುಡುಗಿಯಾಗಿದ್ದ ಅವರು ಒಡೆದಿದ್ದರಂತೆ. ಮದುವೆಯಾದದ್ದು ಮೈಸೂರಿನ ಗೋಪಿನಾಥ ಅಂಕಲ್‌ರನ್ನು. ಅಂಕಲ್ ದೀಪಾವಳಿಯ ಪಟಾಕಿ ಹಚ್ಚುವುದಕ್ಕೂ ಊದುಬತ್ತಿಯನ್ನು ಉದ್ದನೆಯ ಕೋಲಿಗೆ ಕಟ್ಟುವ ಮನುಷ್ಯ. "ನಮ್ಮ ಮನೇಲಿ ಸದ್ದು ನಂದು, ಸಂಬಳ ಇವರದು" ಎಂದು ಆಂಟಿ ನಗುತ್ತಿದ್ದರು. ಸೈಬರ್‌ಜಯಾದಲ್ಲಿ ಅಂಕಲ್‌ಗೆ ಕೆಲಸವಿತ್ತು. ಗಂಡನ ಕೆಲಸದ ಪಾಸಿನ, ಅಂದರೆ ವೀಸಾದ, ಮೇಲೆ ಬಂದ ಆಂಟಿ ದುಡಿಯುವಂತಿರಲಿಲ್ಲ. ಸ್ವಂತ ಕೋವಿ ಇಡುವುದಂತೂ ದೂರದ ಮಾತು, ಕ್ಲಬ್ಬಿನದನ್ನೇ ಎತ್ತುತ್ತಿದ್ದರು. ಈ ದೇಶದಲ್ಲಿ ಗಂಡನ ಹೆಸರಿನ ಬಾಲವಿಲ್ಲದೆ ಅವರದೆಂದು ಇದ್ದದ್ದು ಆ ಒಂದು ಕೋಣೆ.

ಕೋಣೆಯಲ್ಲಿದ್ದ, ತೋಟೆ ತುಂಬುವ ಹಳೆಯ ಯಂತ್ರ ಸವೆದಿತ್ತು. ಹಿಡಿ ಎಳೆದರೆ ತೋಟೆ ಓರೆಯಾಗಿ ಕೂರುತ್ತಿತ್ತು. ಹೊಸದು ಎಲ್ಲಿಂದ ತರಬೇಕೆಂಬ ಜಗಳ ಆದದ್ದು ಆಂಟಿಯ ಮನೆಯಲ್ಲೇ, ಕಡುಬು ಮತ್ತು ಕೋಳಿಸಾರಿನ ಮುಂದೆ. ನಾನಾಗ ವಿಶ್ವವಿದ್ಯಾಲಯದ ಹಾಸ್ಟೆಲ್ಲಿನಲ್ಲಿದ್ದೆ, ಭಾನುವಾರದ ಊಟಕ್ಕೆಂದು ಬಂದಿದ್ದೆ.

ಕ್ಲಬ್ಬಿನ ಕಾರ್ಯದರ್ಶಿ ಅನಿಲ, ಅಂಕಲ್‌ರ ಕಚೇರಿಯವನೇ, ಬಟ್ಟಲು ಮುಂದೆ ಚಾಚಿ ಹೇಳಿದ: "ಅಕ್ಕಾ, ಥಾಯ್ಲೆಂಡಲ್ಲಿ ಅರ್ಧ ರೇಟು. ಮಾಡೆಲ್ಲೂ ಬೇಕಾದಷ್ಟಿದೆ. ನಮ್ಮ ಯಾಪ್ ಹತ್ರ ಹೇಳಿದ್ರೆ ಪರ್ಮಿಷನ್ ಬರೋ ಹೊತ್ತಿಗೆ ನಮಗೆಲ್ಲ ಹಲ್ಲು ಬಿದ್ದಿರುತ್ತೆ."

"ಬಿದ್ರೆ ಗಂಜಿ ಕುಡಿ. ಯಾಪ್ ತರಿಸಿದ್ರೆ ಪೊಲೀಸರ ಒಪ್ಪಿಗೆ ಜೊತೆ ತರಿಸ್ತಾನೆ. ನಾಳೆ ಸ್ಪ್ರಿಂಗ್ ಮುರೀತು ಅಂದ್ರೆ ಹೋಗಿ ಬೈಯಕ್ಕೆ ಒಂದು ಮುಖ ಇರ್ತದೆ. ಗಡಿ ಆಚೆ ಯಾರ ಮುಖಕ್ಕೆ ಬೈತೀಯಾ ಮಾರಾಯಾ?"

"ಬೈಯಕ್ಕೋಸ್ಕರ ಡಬಲ್ ದುಡ್ಡು ಕೊಡ್ಬೇಕಾ?"

"ಕೊಡ್ಬೇಕು. ಕದ್ದು ತಂದದ್ದು ನನ್ನ ಕೋಣೆಗೆ ಬೇಡ."

ಅನಿಲ ನಗುತ್ತ ಎರಡೂ ಕೈ ಎತ್ತಿದ. "ಸರಿ ತಾಯಿ, ಯಾಪ್ ಅಂದ್ರೆ ಯಾಪ್. ಇನ್ನೊಂದು ಕಡುಬು ಹಾಕಿ."

ಯಾಪ್ ಸೆರೆಂಬನ್ನಿನ ಹಳೇ ಬೀದಿಯ ಕೋವಿ ಅಂಗಡಿಯ ಚೀನೀ ಮುದುಕ. ಕಾಡುಹಂದಿ ಕಾಟವಿರುವ ತೋಟದವರಿಗೆ, ಕ್ಲಬ್ಬಿನವರಿಗೆ ಅವನೇ ಗತಿ. ತಮಿಳು ನೆರೆಹೊರೆಯಿಂದ ಕಲಿತು ಅವನು ಆಂಟಿಯನ್ನು "ಅಕ್ಕಾ" ಎನ್ನುತ್ತಿದ್ದ, ಆಂಟಿ ಅವನನ್ನು "ಅಣ್ಣಾ" ಎನ್ನುತ್ತಿದ್ದರು. ಯಾರು ದೊಡ್ಡವರೆಂಬುದನ್ನು ಇಬ್ಬರೂ ಬಿಡಿಸಿಕೊಳ್ಳಲು ಹೋಗಿರಲಿಲ್ಲ.

ಆ ಫೆಬ್ರವರಿಯಲ್ಲಿ ಅನಿಲ ಮತ್ತು ಅಂಕಲ್ ಇಬ್ಬರೇ ಅಂಕಲ್‌ರ ಕಾರಿನಲ್ಲಿ ಗಡಿಯಾಚೆ ಥಾಯ್ಲೆಂಡಿನ ಹಾತ್ಯಾಯ್‌ಗೆ ಸುತ್ತಾಡಲು ಹೋದರು. ಅಂಕಲ್ ಹೆಂಡತಿಗೆ ನೀಲಿ ಹೂವಿನ ಛತ್ರಿ ತಂದರು. ಅದಾಗಿ ಕೆಲವೇ ದಿನಕ್ಕೆ ಅನಿಲ ಹೊಸ ಯಂತ್ರವನ್ನು ಕ್ಲಬ್ಬಿಗೆ ಹೊತ್ತು ತಂದ.

"ಯಾಪ್ ಕೊಟ್ಟ ಅಕ್ಕಾ. ನಿಮ್ಮ ಹೆಸರು ಹೇಳಿದ್ದಕ್ಕೆ ಬೇಗ ಕೊಟ್ಟ. ಕಾಗದ ಹಿಂದಿನಿಂದ ಕಳಿಸ್ತಾನಂತೆ."

ತಮ್ಮ ಹೆಸರಿಗೆ ಅಷ್ಟು ಬೆಲೆಯಿದೆಯೆಂದು ಕೇಳಿ ಆಂಟಿಗೆ ಖುಷಿಯಾಯಿತು. ಕಾಗದ ಬರುವ ಮೊದಲೇ ಲಾಕ್‌ಡೌನ್ ಬಂದು ಊರು ಮುಚ್ಚಿತು. ಗಡಿ, ಯಾಪ್‌ನ ಅಂಗಡಿ, ನನ್ನ ಹಾಸ್ಟೆಲ್, ಒಂದರ ಹಿಂದೆ ಒಂದು. ಊರಿಗೆ ಹೋಗಲು ವಿಮಾನವಿಲ್ಲದೆ ನಿಂತಿದ್ದ ನನಗೆ ಆಂಟಿ ಮಹಡಿಯ ಕೋಣೆ ಬಿಟ್ಟುಕೊಟ್ಟರು.

ಮನೆಯ ಮೇಲೆ ಹಾರುವ ವಿಮಾನಗಳೂ ನಿಂತುಹೋಗಿದ್ದ ವರ್ಷ ಅದು. ಅಕ್ಟೋಬರಿನ ಆಯುಧಪೂಜೆಗೆ ಆಂಟಿ ತಮ್ಮ ಊರಿನ ಹಬ್ಬ, ಗಂಡನ ಊರಿನ ಹಬ್ಬ ಎರಡನ್ನೂ ಒಂದೇ ದಿನಕ್ಕೆ ಕಟ್ಟಿದರು. ಕ್ಲಬ್ಬಿನಲ್ಲಿ ಗುಂಡಿನ ಸದ್ದಿರಲಿಲ್ಲ. ಕೋಣೆ ನೋಡಿಕೊಳ್ಳಲು ಮೇಜರ್ ಆಂಟಿಗೆ ಮಾತ್ರ ಒಪ್ಪಿಗೆ ಕೊಟ್ಟಿದ್ದರು, ನೆರವಿಗೆಂದು ನಾನೂ ಹೋದೆ. ಬೀಗ ತೆಗೆಯುವ ಮೊದಲು ಅವರು ಚಪ್ಪಲಿ ಬಿಟ್ಟರು. ಯಂತ್ರವನ್ನು ಒರೆಸಿ, ಅರಿಶಿನ, ಕುಂಕುಮ, ಗಂಧ ಹಚ್ಚಿ, ಹಿಡಿಗೆ ನಮ್ಮವರ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸ್‌ನಿಂದ ತರಿಸಿದ್ದ ಸೇವಂತಿಗೆ ಸುತ್ತಿದರು. ಸೈಬರ್‌ಜಯಾದಿಂದ ಜಿಲ್ಲೆ ದಾಟುವಂತಿಲ್ಲದ ಅನಿಲ ನನ್ನ ಫೋನಿನ ಪರದೆಯಲ್ಲಿದ್ದ.

"ನೀನೂ ಇದ್ದಿದ್ರೆ ಮಂಗಳಾರತಿ ಎತ್ತಬಹುದಿತ್ತು" ಎಂದರು ಆಂಟಿ.

"ನಿಮ್ಮ ಕೈಯಿಂದ್ಲೇ ಆಗ್ಲಿ ಅಕ್ಕಾ. ಯಂತ್ರ ನಿಮ್ಮದೇ ಅಂದ್ಕೊಳಿ!"

ಆಂಟಿ ಯಂತ್ರದ ಪಕ್ಕ ನಿಂತು ಸೆರಗು ಸರಿಮಾಡಿಕೊಂಡರು. ನಾನು ಫೋಟೋ ತೆಗೆದೆ. ಅದು ಕ್ಲಬ್ಬಿನ ವಾಟ್ಸಾಪ್ ಗುಂಪಿಗೂ ಹೋಯಿತು, ಮೇಜರ್ ಚಪ್ಪಾಳೆಯ ಚಿತ್ರ ಹಾಕಿದರು.

ಯಾಪ್‌ನ ಅಂಗಡಿ ಅರ್ಧ ಶಟರಿನಲ್ಲಿ ತೆರೆದಿತ್ತು. ಮರುದಿನ ಆಂಟಿ ಕಡಲೆ ಉಸಲಿಯ ಡಬ್ಬಿ ಹಿಡಿದು ಹೊರಟರು, ನಾನು ಜೊತೆಗೆ. "ಅಣ್ಣಾ, ನಿಮ್ಮ ಯಂತ್ರಕ್ಕೆ ನಮ್ಮ ಪೂಜೆ" ಎಂದು ಫೋಟೋ ತೋರಿಸಿದರು. ಯಾಪ್ ಕನ್ನಡಕವನ್ನು ಹಣೆಗೇರಿಸಿ ನೋಡಿದ. ಪರದೆಯನ್ನು ಬೆರಳಿನಿಂದ ಹಿಗ್ಗಿಸಿ ಮತ್ತೆ ನೋಡಿದ.

"ನಾಟ್ ಮೈನ್ ಲಾ, ಅಕ್ಕಾ."

ತನ್ನ ಅಂಗಡಿಯಿಂದ ಹೋದದ್ದಲ್ಲ ಎಂದ. ಅನಿಲ ನಿಮ್ಮಲ್ಲೇ ಕೊಂಡೆ ಎಂದನಲ್ಲ ಎಂದು ಆಂಟಿ ಕೇಳಿದರೆ, ಯಾವ ಅನಿಲ, ಅವನು ಈ ಬಾಗಿಲಿಗೆ ಬಂದೇ ಇಲ್ಲ ಎಂದ. ಅಷ್ಟು ಹೇಳಿ, ಮಾತು ಬದಲಿಸುವವನಂತೆ, ಉಸಲಿಗೆ ಖಾರ ಹಾಕಿದ್ದೀರಾ ಎಂದು ವಿಚಾರಿಸಿದ. ಆಂಟಿ ಡಬ್ಬಿಯ ಮುಚ್ಚಳವನ್ನು ಕೈಯಲ್ಲೇ ಹಿಡಿದುಕೊಂಡು ಹೊರಗೆ ಬಂದರು.

ಮನೆಯಲ್ಲಿ ಅಂಕಲ್ ಊಟದ ಮೇಜಿನ ಮೇಲೆ ಕಚೇರಿ ಹೂಡಿದ್ದರು. ಆಂಟಿ ವಿಷಯ ಹೇಳಿದಾಗ ಅವರು ತಲೆ ಎತ್ತಲಿಲ್ಲ.

"ಎಲ್ಲಿಂದ ತಂದ್ರೆ ಏನೀಗ? ಕೆಲಸ ಮಾಡುತ್ತಲ್ಲ."

ಆಂಟಿ ಗಂಡನ ನೆತ್ತಿಯನ್ನೇ ನೋಡಿದರು. "ನಿಮಗೆ ಗೊತ್ತಿತ್ತಾ?"

"ಡಿಕ್ಕಿಲಿ ಬಾಕ್ಸ್ ಇತ್ತು. ಕಾಫಿ ಮಿಷನ್ ಅಂದ."

"ನೀವು ನಂಬಿದ್ರಾ?"

ಅಂಕಲ್ ಲ್ಯಾಪ್‌ಟಾಪ್ ಮುಚ್ಚಿದರು. ಗಡಿ ದಾಟಿದ ಮೇಲೆ ಅನಿಲ ನಿಜ ಹೇಳಿದ್ದನಂತೆ. ಅಂದರೆ ಯಂತ್ರ ಬಂದದ್ದು ನೀಲಿ ಛತ್ರಿಯ ಪಕ್ಕದಲ್ಲಿ, ಅದೇ ಡಿಕ್ಕಿಯಲ್ಲಿ. ಎಂಟು ತಿಂಗಳು ಆ ಮಾತನ್ನು ಒಳಗಿಟ್ಟುಕೊಂಡೇ ಅಂಕಲ್ ಆಂಟಿ ಬಡಿಸಿದ್ದನ್ನು ಉಂಡಿದ್ದರು.

ಮೇಜರ್‌ಗೆ ಆಗಲೇ ಫೋನ್ ಮಾಡುತ್ತೇನೆಂದು ಆಂಟಿ ಹೊರಟರು. "ಕೋಣೆ ಕೈ ನನ್ನ ಹತ್ರ ಇದೆ. ಒಳಗಿರೋದಕ್ಕೆಲ್ಲ ನಾನೇ ಜವಾಬ್ದಾರಿ." ಅಂಕಲ್ ತಡೆದರು, ಅನಿಲನಿಗೆ ಕರೆ ಮಾಡಿದರು. ಅನಿಲ ಸ್ಪೀಕರಿನಲ್ಲಿ ಅತ್ತೇಬಿಟ್ಟ. "ತಪ್ಪಾಯ್ತು ಅಕ್ಕಾ. ನಿಮಗೆ ಬೇಜಾರಾಗಬಾರದು ಅಂತ ಯಾಪ್ ಹೆಸರು ಹೇಳ್ದೆ. ಮುಂದಿನ ಮೀಟಿಂಗಲ್ಲಿ ನಾನೇ ಎದ್ದು ಹೇಳ್ತೀನಿ. ನಾನು ಹೇಳಿದ್ರೆ ಮರ್ಯಾದೆ ಉಳಿಯುತ್ತೆ. ನೀವು ಹೇಳಿದ್ರೆ ನಾನು ಮುಗ್ದೆ."

"ನಾನೂ ಇರ್ತೀನಿ. ನಾನು ಕಣ್ಣಲ್ಲಿ ನೋಡಿದ್ದು, ನಾನೂ ಹೇಳ್ತೀನಿ" ಎಂದರು ಅಂಕಲ್.

ಆಂಟಿ ಫೋನ್ ಕೆಳಗಿಟ್ಟರು. ಆ ವಾರ ಅವರು ಕ್ಲಬ್ಬಿನ ಕಡೆ ಹೋಗಲಿಲ್ಲ.

ಸಭೆ ನಡೆದದ್ದು ಕಂಪ್ಯೂಟರ್ ಪರದೆಯ ಮೇಲೆ. ಅಂಕಲ್ ಕ್ಲಬ್ಬಿನ ಸದಸ್ಯರಲ್ಲದಿದ್ದರೂ ಸಾಕ್ಷಿಯಾಗಿ ಮಹಡಿಯ ಮೇಲೆ ಮೆಟ್ಟಿಲ ಹತ್ತಿರ ತಮ್ಮ ಲ್ಯಾಪ್‌ಟಾಪ್ ಹಿಡಿದು ಕೂತಿದ್ದರು, ಆಂಟಿ ಊಟದ ಮೇಜಿನಲ್ಲಿ. ನಾನು ಆಂಟಿಯ ಎದುರು ಅವರೆಕಾಯಿ ಬಿಡಿಸುತ್ತಿದ್ದೆ. ಯಂತ್ರದ ವಿಷಯ ಬಂದಾಗ ಅನಿಲ ಗಂಟಲು ಸರಿಮಾಡಿಕೊಂಡ. ಅವನ ಇಂಗ್ಲಿಷ್ ಬಹಳ ಮೆದುವಾಗಿತ್ತು. ಯಂತ್ರ ಸ್ಥಳೀಯ ಅಂಗಡಿಯದಲ್ಲವೆಂದು ತನಗೆ ಈಚೆಗೆ ತಿಳಿಯಿತು, ತಿಳಿಸುವುದು ತನ್ನ ಕರ್ತವ್ಯ ಎಂದ. ತಾನು ಅದನ್ನು ಎತ್ತಿಕೊಂಡು ಬಂದದ್ದು ಮಾತ್ರ, ಅದು ಜಲಜಾ ಅವರ ಮನೆಯಿಂದ ಬಂದದ್ದು ಎಂದ. ಆಮೇಲೆ ಪರದೆಯ ಮೇಲೆ ಫೋಟೋ ಮೂಡಿತು. ಸೇವಂತಿಗೆ, ಕುಂಕುಮ, ಪಕ್ಕದಲ್ಲಿ ಸೆರಗು ಸರಿಮಾಡಿಕೊಂಡು ನಿಂತ ಆಂಟಿ. ನಮ್ಮವರಲ್ಲಿ ತಮ್ಮ ಸ್ವಂತದ ವಸ್ತುವಿಗೇ ಹೀಗೆ ಪೂಜೆ ಮಾಡುವುದು, ನೀವು ಯಾವ ಹಿಂದೂವನ್ನಾದರೂ ಕೇಳಿ ಎಂದು ಮೇಜರ್‌ಗೆ ವಿವರಿಸಿದ.

ಆಂಟಿ ನೋಡುತ್ತಿದ್ದದ್ದು ಅನಿಲನನ್ನಲ್ಲ. ಪರದೆಯ ಮೂಲೆಯ ಚೌಕದಲ್ಲಿ ಗಂಡನ ಮುಖವಿತ್ತು, ಅದರ ಮೇಲೆ ಅಡ್ಡಗೀಟು ಹೊಡೆದ ಕೆಂಪು ಮೈಕು.

"ಹೇಳಿ" ಎಂದರು, ಪರದೆಗಲ್ಲ, ಮೆಟ್ಟಿಲ ಕಡೆಗೆ. ಮನೆ ಚಿಕ್ಕದು, ಖಂಡಿತ ಕೇಳಿಸಿರುತ್ತದೆ. ಕೆಂಪು ಹಾಗೇ ಇತ್ತು.

ಕೊನೆಗೆ ಆಂಟಿ ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದರು. ಯಾಪ್‌ನನ್ನು ಕೇಳಿ ಎಂದರು. ಯಾಪ್ ನಿಮ್ಮ ಹಳೆಯ ಸ್ನೇಹಿತ, ನಿಮ್ಮ ಪರವಾಗಿಯೇ ಹೇಳುತ್ತಾನೆ ಎಂದರು ಯಾರೋ. ಹಾಗಾದರೆ ನನ್ನ ಗಂಡನನ್ನು ಕೇಳಿ ಎಂದರು. ಮೇಜರ್ ಅಂಕಲ್‌ರ ಹೆಸರು ಹಿಡಿದು ಎರಡು ಸಲ ಕರೆದರು. ಚೌಕ ಕಪ್ಪಾಯಿತು. ಇಂಟರ್‌ನೆಟ್ ಹೋಗಿರಬೇಕು ಎಂದ ಅನಿಲ.

ಇಂಟರ್‌ನೆಟ್ ಹೋಗಿರಲಿಲ್ಲ. ನನ್ನ ಫೋನಿನಲ್ಲಿ ಅದೇ ಮನೆಯ ಸಂಪರ್ಕ ಇತ್ತು. ಪೂಜೆ ಮಾಡಿದವರದೇ ಯಂತ್ರ ಎಂದು ಸಭೆ ತೀರ್ಮಾನಿಸಿತು.

ಆಮೇಲೆ ಅಂಕಲ್ ಕೆಳಗಿಳಿದು ಬಂದು ನೀರು ಕುಡಿದರು. "ಕಾರು ನಂದು ಜಲಜಾ. ಕೆಲಸದ ಪಾಸೂ ನಂದು. ನಾನು ಬಾಯಿಬಿಟ್ರೆ ಇಬ್ರೂ ಗಂಟುಮೂಟೆ ಕಟ್ಟಿ ಊರಿಗೆ ಹೋಗ್ಬೇಕು. ನೀನು ಮನೇಲಿರೋ ಹೆಂಗಸು. ನಿನಗೆ ಒಂದು ಎಚ್ಚರಿಕೆ ಕೊಟ್ಟು ಬಿಡ್ತಾರೆ ಅಷ್ಟೇ."

ಅವರ ಲೆಕ್ಕಾಚಾರ ತಪ್ಪಾಗಲಿಲ್ಲ. ಮೇಜರ್ ಯಂತ್ರವನ್ನು ಪೊಲೀಸರಿಗೆ ಒಪ್ಪಿಸಿದರು. ಆಂಟಿ ಠಾಣೆಗೆ ಹೋಗಿ, ಮಾಸ್ಕ್ ಹಾಕಿ ದೂರದೂರ ಇಟ್ಟ ಕುರ್ಚಿಯಲ್ಲಿ ಕೂತು, ಹೇಳಿಕೆ ಕೊಟ್ಟು ಬಂದರು. ಎಚ್ಚರಿಕೆಯಲ್ಲಿ ಮುಗಿಯಿತು. ಠಾಣೆಯಲ್ಲಿ ಹಾತ್ಯಾಯ್ ವಿಷಯ ಹೇಳಿದಿರಾ ಎಂದು ನಾನು ಕೇಳಿದೆ. "ಹೇಳಿದ್ರೆ ಇವರ ಪಾಸು ಹೋಗ್ತಿತ್ತಲ್ಲ" ಎಂದರು, ಇಷ್ಟೂ ಗೊತ್ತಾಗುವುದಿಲ್ಲವೇ ಎಂಬಂತೆ.

ಕೋಣೆಯ ಕೈ ವಾಪಸು ಪಡೆಯಲು ಕ್ಲಬ್ಬಿನ ಕಾವಲುಗಾರ ಮನೆಯ ಗೇಟಿನ ಹತ್ತಿರ ಬಂದು ನಿಂತ ದಿನ ಆಂಟಿ ಗೊಂಚಲಿನಿಂದ ದೊಡ್ಡ ಕೈಯನ್ನು ಬಿಡಿಸಿದರು. ಹಸಿರು ನೂಲನ್ನು ಸುತ್ತು ಸುತ್ತಾಗಿ ಬಿಚ್ಚಿ, ಬರಿಯ ಕಬ್ಬಿಣವನ್ನು ಸ್ಯಾನಿಟೈಸರಿನಲ್ಲಿ ಒರೆಸಿ ಕೊಟ್ಟರು. ಅಲ್ಲಿಂದಾಚೆಗೆ ಅವರು ಮನೆಯಲ್ಲಿ ಎಲ್ಲಿದ್ದಾರೆಂದು ನನಗೆ ಕೇಳಿಸುತ್ತಿರಲಿಲ್ಲ. ಅಡುಗೆ ಮೊದಲಿನಷ್ಟೇ ರುಚಿಯಾಗಿತ್ತು. ಗಂಡನಿಗೆ ಬಿಸಿಯಾಗಿಯೇ ಬಡಿಸುತ್ತಿದ್ದರು. ಮಳೆ ಬಂದರೆ ಮಾತ್ರ ನೀಲಿ ಛತ್ರಿ ಬಿಟ್ಟು ನೆನೆದುಕೊಂಡು ಅಂಗಡಿಗೆ ಹೋಗುತ್ತಿದ್ದರು.

ಮರುವರ್ಷ ಆಯುಧಪೂಜೆಯ ಹೊತ್ತಿಗೆ ರಾಜ್ಯ ರಾಜ್ಯಗಳ ನಡುವಿನ ದಾರಿ ತೆರೆದಿತ್ತು. ಸಂಜೆ ಪೆನಾಂಗಿಗೆ ಹೊರಡೋಣ ಎಂದು ಅಂಕಲ್ ಬೆಳಿಗ್ಗೆಯೇ ಕಾರು ತೊಳೆದರು, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟರು. ಒಳಗೆ ಆಂಟಿ ಮಿಕ್ಸಿ, ಈಳಿಗೆಮಣೆ, ಹೊಲಿಗೆ ಯಂತ್ರ, ಕುಕ್ಕರು ಎಲ್ಲಕ್ಕೂ ಕುಂಕುಮವಿಟ್ಟರು. ನನ್ನ ಲ್ಯಾಪ್‌ಟಾಪನ್ನೂ ಕೇಳಿ ಪಡೆದು ಒಂದು ಹೂವು ಏರಿಸಿದರು. ಮಂಗಳಾರತಿಯಾಯಿತು. ಅಂಕಲ್ ಹೊರಗಿನಿಂದ ಕರೆದರು.

"ಜಲಜಾ, ಕಾರು ಬಾಕಿ ಇದೆ. ಬೇಗ ಬಾ, ಬಿಸಿಲು ಏರ್ತಿದೆ."

ಆಂಟಿ ಬಾಗಿಲವರೆಗೆ ಬಂದರು. ಕೈಯಲ್ಲಿ ತಟ್ಟೆಯಿತ್ತು, ಕುಂಕುಮವೂ ಇನ್ನೂ ಉಳಿದಿತ್ತು.

"ಪೂಜೆ ಮಾಡಿದವರದೇ ವಸ್ತು ಅಂತ ಸಭೇಲಿ ತೀರ್ಮಾನ ಆಯ್ತಲ್ಲ" ಎಂದರು. "ಆ ಕಾರು ನಂದಲ್ಲ."

ಕೋಪದಲ್ಲಿ ಹೇಳಿದಂತಿರಲಿಲ್ಲ. ತಟ್ಟೆಯನ್ನು ದೇವರ ಮುಂದಿಟ್ಟು ಒಗ್ಗರಣೆಗೆ ಸಾಸಿವೆ ಹಾಕಲು ಹೋದರು. ಅಂಕಲ್ ಬಿಸಿಲಿನಲ್ಲಿ ಇನ್ನಷ್ಟು ಹೊತ್ತು ನಿಂತಿದ್ದರು. ಆಮೇಲೆ ಬಗ್ಗಿ, ಚಕ್ರದ ಕೆಳಗಿನ ನಿಂಬೆಹಣ್ಣುಗಳನ್ನು ಒಂದೊಂದಾಗಿ ಹೆಕ್ಕಿ ಜೇಬಿಗೆ ಹಾಕಿಕೊಂಡರು.