ಕಿಟಕಿಗೆ ಬೆನ್ನು ಹಾಕಿದ ಮೇಷ್ಟ್ರು

ಮುಕೋಸೆ ಮೇಷ್ಟ್ರು ದಣಿದ ಮನುಷ್ಯ. ನಗುವಾಗಲೂ ಗೋಡೆಗೆ ಒರಗಿಕೊಂಡೇ ನಗುತ್ತಿದ್ದರು. ನಾನು ಕಗೋಯ, ಅವರ ಕಂಪ್ಯೂಟರ್ ಮನೆಯ ಬಾಗಿಲು ತೆಗೆಯುವವಳು, ಧೂಳು ಹೊಡೆಯುವವಳು, ಕಲಿಯಲು ಬಂದವರ ಹೆಸರು ಬರೆದುಕೊಳ್ಳುವವಳು. ಮೂರು ವರ್ಷ ಅವರ ಜೊತೆ ದುಡಿದಿದ್ದೇನೆ. ಈಗ ಆ ಮನೆ ಖಾಲಿ, ಮೇಷ್ಟ್ರು ಊರು ಬಿಟ್ಟಿದ್ದಾರೆ, ಅವರ ಅತ್ತೆ ಮಣ್ಣಾಗಿದ್ದಾಳೆ. ಹಾಗಾಗಿ ಬಾಯಿ ಬಿಟ್ಟರೆ ತಪ್ಪಿಲ್ಲ ಅಂದುಕೊಂಡಿದ್ದೇನೆ.

ಮೊದಲು ಅವರು ಕಮುಲಿ ಪೇಟೆಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದರು. ಹಳ್ಳಿಗೆ ಇಂಟರ್‌ನೆಟ್ ತರುತ್ತೇವೆ, ಕಲಿಸಲು ಒಬ್ಬ ಬೇಕು ಎಂದು ಯಾವುದೋ ಯೋಜನೆಯವರು ಬಂದಾಗ ಕೈ ಎತ್ತಿದವರು ಇವರೊಬ್ಬರೇ. ಚರ್ಚಿನ ಹಿಂದಿದ್ದ ಹತ್ತಿ ಗೋದಾಮನ್ನು ಗುಡಿಸಿ ಏಳು ಕಂಪ್ಯೂಟರ್ ಇಟ್ಟರು. ಮಾಡಿನ ಮೇಲೆ ಸೋಲಾರ್ ಹಲಗೆ, ಕಂಬದ ತುದಿಯಲ್ಲೊಂದು ತಟ್ಟೆ. ಗಾಳಿಗೆ ತಟ್ಟೆ ಚೂರು ವಾಲಿದರೆ ಇಂಟರ್‌ನೆಟ್ ಹೋಯಿತು, ಮೇಷ್ಟ್ರು ಕಂಬ ಹತ್ತಬೇಕು. ಕಂಪ್ಯೂಟರ್ ಪೆಟ್ಟಿಗೆಯೊಳಗೆ ಹಲ್ಲಿ ಮೊಟ್ಟೆಯಿಟ್ಟರೆ ಮೇಷ್ಟ್ರು ಬಿಚ್ಚಬೇಕು. ನಮ್ಮ ಜನಕ್ಕೋ ಕಲಿಯುವ ತಾಳ್ಮೆಯಿಲ್ಲ, ಬಂದ ಕೆಲಸ ಆಗಬೇಕು ಅಷ್ಟೇ. ಮಗನ ಪರೀಕ್ಷೆ ಏನಾಯ್ತು ನೋಡು, ಕಾಫಿಗೆ ಎಷ್ಟಿದೆ ನೋಡು. ಒಬ್ಬನಂತೂ ಕಳೆದುಹೋದ ಮೇಕೆಯನ್ನು ಹುಡುಕಿಕೊಡಿ ಎಂದು ಬಂದಿದ್ದ. "ಲೋಕವೆಲ್ಲ ಕಾಣುತ್ತೆ ಅಂತೀರಿ, ನನ್ನ ಒಂದು ಮೇಕೆ ಕಾಣಲ್ವಾ ಮೇಷ್ಟ್ರೇ?" ಎಂದು ಜಗಳಕ್ಕೇ ನಿಂತ.

ಎರಡನೆಯ ವರ್ಷ ಅವರ ಹೆಂಡತಿ ಲಾಕೇರಿ ತೀರಿಕೊಂಡಳು. ಜ್ವರ ತಲೆಗೇರಿತ್ತು. ಪಟ್ಟಣದ ಆಸ್ಪತ್ರೆಯಲ್ಲಿ ಐದು ದಿನ ಇದ್ದಳು, ಮಂಚದ ಪಕ್ಕ ಇದ್ದದ್ದು ಮೇಷ್ಟ್ರು ಒಬ್ಬರೇ. ಹೆತ್ತ ತಾಯಿ ನೈಗಗಜ್ಜಿ ಮಗಳ ಮುಖ ನೋಡಿದ್ದು ಹೆಣ ಊರಿಗೆ ಬಂದ ಮೇಲೆ. ಮಣ್ಣು ಮಾಡುವಾಗ ಗುಂಡಿಯ ಆ ಕಡೆ ಅತ್ತೆ, ಈ ಕಡೆ ಅಳಿಯ. ಇಬ್ಬರೂ ತಲೆಯೆತ್ತಲಿಲ್ಲ. ಎತ್ತುವಂತೆಯೂ ಇಲ್ಲ. ನಮ್ಮಲ್ಲಿ ಅಳಿಯ ಅತ್ತೆಯ ಮುಖ ನೋಡಬಾರದು, ಅವಳಿರುವ ಕೋಣೆಗೆ ಕಾಲಿಡಬಾರದು. ಮುಟ್ಟಿದರಂತೂ ಒಬುಕೊ ಹಿಡಿಯುತ್ತದೆ, ಸಾಯುವ ತನಕ ಕೈ ನಡುಗುತ್ತದೆ. ಹದಿನೇಳು ವರ್ಷ ಅವರಿಬ್ಬರ ನಡುವಿನ ಮಾತೆಲ್ಲ ಮೂರನೆಯವರ ಬಾಯಿಂದಲೇ ಆದದ್ದು. ಲಾಕೇರಿ ಹೋದ ಮೇಲೆ ಆ ಮೂರನೆಯವಳು ನಾನಾದೆ.

ಮೂರನೆಯ ವರ್ಷದ ಕೊನೆಗೆ ಯೋಜನೆಯವರ ಕಾಗದ ಬಂತು. ನಮ್ಮ ಅವಧಿ ಮುಗಿಯಿತು, ಬರುವ ವಾರದ ಶುಕ್ರವಾರ ಗಾಡಿ ಕಳಿಸಿ ಎಲ್ಲವನ್ನೂ ಒಯ್ಯುತ್ತೇವೆ ಎಂದಿತ್ತು. ಮೇಷ್ಟ್ರು ಓದಿ, ಮಡಚಿ, ಜೇಬಿಗಿಟ್ಟುಕೊಂಡರು. "ಆಯ್ತು ಬಿಡು," ಅಂದರು. ನನಗೆ ಅವರ ಮೇಲೇ ಸಿಟ್ಟು ಬಂತು.

ಮಾರನೆಯ ಬೆಳಿಗ್ಗೆ ಬಾಗಿಲಲ್ಲಿ ನೈಗಗಜ್ಜಿ ನಿಂತಿದ್ದಳು. ಪಾಠ ಮಾಡುತ್ತಿದ್ದ ಮೇಷ್ಟ್ರು ಅರ್ಧ ಮಾತಿಗೇ ಬಿಟ್ಟು ಹಿತ್ತಿಲ ಬಾಗಿಲಿಂದ ಹಾರಿದರು.

"ಏನಜ್ಜಿ, ಇಷ್ಟು ದೂರ?"

"ಇದ್ರಲ್ಲಿ ಬರೆಯೋದು ಕಲೀಬೇಕು. ಅವನಿಗೆ ಒಂದು ಮಾತು ಕೇಳೋದಿದೆ," ಎಂದು ಹಿತ್ತಿಲ ಕಡೆ ಗದ್ದ ತೋರಿಸಿದಳು.

"ನಂಗೆ ಹೇಳಿ, ನಾನೇ ಕೇಳ್ತೀನಿ."

"ನಿನ್ನ ಬಾಯಲ್ಲಿ ಹೋಗೋ ಮಾತಲ್ಲ ಕಣೇ ಅದು. ಉಪ್ಪು ಖಾರ ಹಾಕ್ದೆ ನೀನು ಯಾವತ್ತು ಮಾತು ದಾಟಿಸಿದ್ದೀ?"

"ಫೋನಾದ್ರೂ ಮಾಡಿ ಹಾಗಾದ್ರೆ."

"ಅಳಿಯನ ದನೀನ ಕಿವಿಗೆ ಅಂಟಿಸ್ಕೊಳ್ಳೋದಾ? ಥೂ, ನಾಚಿಕೆ ಇಲ್ಲ ನಿಂಗೆ!"

ಬರೆದು ಕಳಿಸೋಣವೆಂದರೆ ಅವಳ ಮನೆಯ ಫೋನು ಹತ್ತು ಕೈ ಓಡಾಡುವಂಥದ್ದು, ಕಾಗದವೂ ಅಷ್ಟೇ, ತಲುಪುವ ಮೊದಲೇ ಊರೆಲ್ಲ ಓದಿರುತ್ತದೆ. ಬೈಬಲ್ ಓದುವಷ್ಟು ಅಕ್ಷರ ಅವಳಿಗೆ ಬರುತ್ತಿತ್ತು. ಗುರುವಾರ ಸಂಜೆಯೊಳಗೆ ಕಲಿಯಬೇಕು.

ಎದುರಿನ ಸೈಕಲ್ ರಿಪೇರಿಯ ಬಲಿರೈನೆಗೆ ಹೊಸ ತಗಾದೆ ಸಿಕ್ಕಿತು. ಅಳಿಯ ಒತ್ತಿದ ಗುಂಡಿಯನ್ನು ಅತ್ತೆ ಒತ್ತಬಹುದೋ? ಅದು ಮುಟ್ಟಿದ ಹಾಗಲ್ಲವೋ? ಕೊನೆಗೆ ಮೂಲೆಯ ಒಂದು ಪೆಟ್ಟಿಗೆಯನ್ನು ನಾನು ಒದ್ದೆ ಬಟ್ಟೆಯಲ್ಲಿ ಮೂರು ಸಲ ಒರೆಸಿ ಅಜ್ಜಿಗೆಂದೇ ಇಟ್ಟೆ. ಮೇಷ್ಟ್ರು ಹೊರಗೆ, ಕಿಟಕಿಗೆ ಬೆನ್ನು ಹಾಕಿ ನಿಂತು ಪಾಠ ಶುರುಮಾಡಿದರು.

"ಕಗೋಯ, ಅತ್ತೆಯವ್ರಿಗೆ ಹೇಳು, ಪರದೆ ಮೇಲಿನ ಬಾಣ ಕೆಳಗೆ ತರ್ಲಿ."

"ಕಗೋಯ, ಅಳಿಯಂದಿರಿಗೆ ಹೇಳು, ಅದು ತಪ್ಪಿಸ್ಕೊಂಡು ಓಡ್ತು."

"ಎಲ್ಲಿಗೆ ಅಂತ ಕೇಳು."

"ನಂಗೇನು ಗೊತ್ತು? ಅವನು ಸಾಕಿದ ದನ, ಅವನಿಗೇ ಗೊತ್ತಿರ್ಬೇಕು!"

ಇಬ್ಬರಿಗೂ ಎಲ್ಲವೂ ಕೇಳಿಸುತ್ತಿತ್ತು, ಆದರೂ ಪ್ರತಿ ಮಾತನ್ನೂ ನಾನು ಮತ್ತೆ ಹೇಳಬೇಕು. ಗುದ್ದಲಿ ಹಿಡಿದ ಬೆರಳು ಒಂದು ಗುಂಡಿಗೆ ಹೋದರೆ ಮೂರನ್ನು ಒತ್ತುತ್ತಿತ್ತು. ಎಂಟು ದಿನ ಹೀಗೇ ನಡೆಯಿತು. ನನ್ನ ಗಂಟಲು ಹರಿದುಹೋಯಿತು. ಮುಚ್ಚಿಹೋಗುವ ಅಂಗಡಿಯಲ್ಲಿ ಇಷ್ಟು ಒದ್ದಾಟ ಯಾಕೆ ಎಂದು ಒಂದು ದಿನ ಮೇಷ್ಟ್ರನ್ನೇ ಕೇಳಿದೆ. "ಕಲೀತೀನಿ ಅಂತ ಬಂದವ್ರು ಅವ್ರೊಬ್ರೇ ಕಗೋಯ. ಬೇರೆಯವ್ರೆಲ್ಲ ಮಾಡ್ಕೊಡಿ ಅಂತ ಬಂದ್ರು," ಅಂದರು.

ಗುರುವಾರ ಬೆಳಗಿನಿಂದಲೂ ಮೋಡ. ಬ್ಯಾಟರಿಯಲ್ಲಿ ಒಂದು ಗಂಟೆಯಷ್ಟೂ ಕಸುವಿರಲಿಲ್ಲ. ಐದು ಪೆಟ್ಟಿಗೆ ಆರಿಸಿ ಎರಡನ್ನೇ ಉಳಿಸಿದೆವು. ಉದ್ದ ತಂತಿ ಎಳೆದು ಮೇಷ್ಟ್ರು ತಮ್ಮದನ್ನು ಜಗಲಿಗೆ ಒಯ್ದು, ಕಿಟಕಿಗೆ ಬೆನ್ನು ಹಾಕಿ ಕೂತರು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಮೂಡುವಂತೆ ಮಾಡಿಟ್ಟಿದ್ದರು.

ಅಜ್ಜಿ ಕೂತಳು. "ಅಕ್ಷರ ದೊಡ್ಡದು ಮಾಡು, ಆಮೇಲೆ ಆ ಕಡೆ ತಿರುಗು," ಅಂದಳು. ಹುರುಳಿಕಾಯಿಯಷ್ಟು ದೊಡ್ಡದು ಮಾಡಿದೆ. ಆ ಕಡೆಯೇನೋ ತಿರುಗಿದೆ, ಆದರೆ ಕಣ್ಣು ತಿರುಗಲಿಲ್ಲ. ನಾನೇನು ದೇವತೆಯಲ್ಲ.

ಅರ್ಧ ಗಂಟೆಯಲ್ಲಿ ಒಂದು ಸಾಲಾಯಿತು: ಕೊನೆಗೆ ಲಾಕೇರಿ ನನ್ನನ್ನು ಕೇಳಿದಳಾ

ಹೊರಗೆ ಮೇಷ್ಟ್ರು ಓದಿದರು. ಬೆರಳು ನೋಡದೆ, ಮಾತಾಡುತ್ತಲೇ ಬರೆಯಬಲ್ಲ ಮನುಷ್ಯ. ಕೈ ಗುಂಡಿಗಳ ಮೇಲೆ ಬಂತು, ನಿಂತಿತು, ನಡುಗತೊಡಗಿತು.

"ನೋಡ್ರೋ, ಕೈ ನಡುಗ್ತಿದೆ! ನಾನು ಹೇಳಿರ್ಲಿಲ್ವಾ, ಹಿಡೀತು ಒಬುಕೊ!" ಎಂದು ಬಲಿರೈನೆ ರಸ್ತೆಯಾಚೆಯಿಂದ ಕೂಗಿದ. ನಾನು ಪೊರಕೆ ಹಿಡಿದು ಬಾಗಿಲಿಗೆ ಹೋದೆ. ಅವನು ಬಾಯಿ ಮುಚ್ಚಿದ.

ವಾಪಸು ಬರುವಷ್ಟರಲ್ಲಿ ಉತ್ತರ ಮೂಡುತ್ತಿತ್ತು, ತಪ್ಪು ತಪ್ಪಾಗಿ, ಒಂದೊಂದೇ ಅಕ್ಷರ.

ಕೇಳಿದಳು. ದಿನಾ ಕೇಳಿದಳು. ಮಂಚದ ಪಕ್ಕ ಒಬ್ಬರಿಗೇ ಜಾಗ. ನೀವು ಬಂದರೆ ನಾನು ಎದ್ದು ಹೊರಗೆ ಹೋಗಬೇಕಿತ್ತು. ಹೋಗಲಾರದೆ ನಿಮಗೆ ಹೇಳಿ ಕಳಿಸಲಿಲ್ಲ.

ಅಜ್ಜಿ ಓದಿದಳು. ತುಟಿ ಅಲ್ಲಾಡಿಸುತ್ತ ಇನ್ನೊಮ್ಮೆ ಓದಿದಳು. ಅವಳು ಎದೆ ಬಡಿದುಕೊಂಡು ಅಳುತ್ತಾಳೆ, ಇಲ್ಲವೇ ಕಿಟಕಿಯಿಂದಲೇ ಶಾಪ ಹಾಕುತ್ತಾಳೆ ಅಂದುಕೊಂಡೆ. ನಾನಾಗಿದ್ದರೆ ಹಾಕುತ್ತಿದ್ದೆ. ಬ್ಯಾಟರಿ ಕೀಂ ಕೀಂ ಎನ್ನಲು ಶುರುಮಾಡಿತು.

"ಇನ್ನೆಷ್ಟು ಹೊತ್ತು ಇರುತ್ತೆ?"

"ಸ್ವಲ್ಪ ಹೊತ್ತು, ಅಷ್ಟೇ."

ಅವಳು ಬೆರಳನ್ನು ಉಟ್ಟ ಬಟ್ಟೆಗೆ ಒರೆಸಿಕೊಂಡು ಮತ್ತೆ ಹುಡುಕತೊಡಗಿದಳು. ಕೊನೆಯ ಗುಂಡಿ ಒತ್ತಿ ಕೈ ತೆಗೆದಳು.

ನಾನಾಗಿದ್ದರೂ ಎದ್ದು ಹೋಗುತ್ತಿರಲಿಲ್ಲ

ಮೇಷ್ಟ್ರು ಓದಿದ್ದನ್ನು ಅವರ ಬೆನ್ನಿನಲ್ಲೇ ಕಂಡೆ. ಸ್ವಲ್ಪ ಹೊತ್ತಿಗೆ ಎರಡೂ ಪರದೆ ಕಪ್ಪಾದವು. ಅವರು ಎದ್ದೇಳಲಿಲ್ಲ, ತಿರುಗಲೂ ಇಲ್ಲ. ಅಜ್ಜಿ ಕುರ್ಚಿ ಬಿಟ್ಟು ಕಿಟಕಿಯ ಕೆಳಗೆ ಗೋಡೆಗೆ ಒರಗಿ ನೆಲದಲ್ಲಿ ಕೂತಳು. ಗೋಡೆಯ ಆಚೆಗೊಬ್ಬರು, ಈಚೆಗೊಬ್ಬರು.

"ಕಗೋಯ," ಎಂದಳು ಕೊನೆಗೆ. "ಅಳಿಯಂದಿರಿಗೆ ಹೇಳು. ಸೊರಗಿಹೋಗಿದ್ದಾರೆ. ಗೆಣಸು ಬೇಯಿಸಿಟ್ಟಿದ್ದೀನಿ, ಕಳಿಸಿಕೊಡ್ತೀನಿ, ಊಟ ಮಾಡ್ಲಿ."

ನಾನು ಹೇಳಿದೆ. ಉಪ್ಪು ಖಾರ ಹಾಕದೆ ಹೇಳಿದೆ.